ಪೂರ್ತಿ ಬೆಲೆ ಹೇಳಿ ಕೊಂಡ ವಾಚು

ಮೊದಲ ದುಬಾರಿ ವಾಚು ಕೊಂಡಾಗ ಮನೆಯಲ್ಲಿ ಅದರ ಬೆಲೆಯನ್ನು ಅರ್ಧಕ್ಕೆ ಇಳಿಸಿ ಹೇಳಿದೆ. ಅದು 2022ರ ಆರಂಭ. ನಿಜವಾದ ಬೆಲೆ ನನ್ನ ನಾಲ್ಕು ತಿಂಗಳ ಸಂಬಳ. ನಾನು ಹೇಳಿದ್ದು ಎರಡು ತಿಂಗಳದ್ದು. ಅಷ್ಟಕ್ಕೇ ಮನೆಯವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಮಾತು. "ಯಾಕೆ?"

"ಇದು ಖರ್ಚಲ್ಲ, ಹೂಡಿಕೆ" ಎಂದೆ. ಆಗ ನಾನು ಅದನ್ನು ನಂಬಿದ್ದೆ. ಆದರೆ ನಂಬಿದ್ದರೆ ಬೆಲೆ ಯಾಕೆ ಮುಚ್ಚಿಟ್ಟೆ? ಈ ಪ್ರಶ್ನೆ ನನ್ನನ್ನು ತಿಂಗಳುಗಟ್ಟಲೆ ಕಾಡಿತು. ಈಗ ನನ್ನ ಕೈಯಲ್ಲಿ ಇರುವುದು ಬೇರೆ ವಾಚು. ಅದೂ ದುಬಾರಿಯೇ. ಆದರೆ ಅದರ ಬೆಲೆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಒಂದರಿಂದ ಇನ್ನೊಂದಕ್ಕೆ ಬರಲು ನನಗೆ ಮೂರು ವರ್ಷ ಹಿಡಿಯಿತು.

ಹೂಡಿಕೆಯ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ದುಬಾರಿ ವಾಚು ಕೊಳ್ಳುವವರು ಎಲ್ಲರಿಗಿಂತ ಮೊದಲು ತಮಗೆ ತಾವೇ ಹೇಳಿಕೊಳ್ಳುವುದು ಇದನ್ನೇ. 2021ರಲ್ಲಿ ಕೆಲವು ಸ್ಟೀಲ್ ವಾಚುಗಳು ಅಂಗಡಿಯಲ್ಲಿ ಸಿಗುತ್ತಲೇ ಇರಲಿಲ್ಲ. ಹೊರಗೆ ಅದೇ ವಾಚಿಗೆ ಕಂಪನಿಯ ಬೆಲೆಗಿಂತ ಎಷ್ಟೋ ಜಾಸ್ತಿ ಕೇಳುತ್ತಿದ್ದರು. ಈ ವಾರ ಇಷ್ಟು, ಮುಂದಿನ ವಾರ ಇನ್ನೂ ಜಾಸ್ತಿ. ಇದರ ಜೊತೆಗೆ ಹರಾಜಿನ ಸುದ್ದಿಗಳು. 2017ರ ಅಕ್ಟೋಬರಿನಲ್ಲಿ ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ ನ್ಯೂಯಾರ್ಕಿನ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರ್‌ಗೂ ಮೇಲೆ ಹೋಗಿತ್ತು. ಅದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಆ ಹಣ ಬಂದದ್ದು ಯಾರ ಕೈಯಲ್ಲಿ ಇತ್ತು ಎಂಬುದಕ್ಕೆ. ನನ್ನ ಕೈಯಲ್ಲಿ ಇದ್ದ ವಾಚಿಗೆ ಅದರಿಂದ ಏನೂ ಬರುವುದಿಲ್ಲ.

ನಾನು ಕೊಂಡದ್ದು ಬೆಲೆ ತುತ್ತತುದಿಗೆ ಹತ್ತಿರ ಇದ್ದಾಗ. ಕೆಲವೇ ತಿಂಗಳಲ್ಲಿ ಮಾರುಕಟ್ಟೆ ಇಳಿಯಲು ಶುರುವಾಯಿತು. 2023ರ ಮಧ್ಯದಲ್ಲಿ ಮಾರಿದೆ. ಹಾಕಿದ ಹಣದಲ್ಲಿ ಮೂರನೇ ಒಂದು ಭಾಗ ಹೋಯಿತು. ನನಗೆ ಆ ನಷ್ಟಕ್ಕಿಂತ ಜಾಸ್ತಿ ಬೇಸರವಾದದ್ದು ಇನ್ನೊಂದಕ್ಕೆ. ಒಂದೂವರೆ ವರ್ಷದಲ್ಲಿ ಆ ವಾಚನ್ನು ನಾನು ಕಟ್ಟಿದ್ದು ಹತ್ತು ಸಲವೂ ಇಲ್ಲ. ಗೀರು ಬಿದ್ದರೆ ಬೆಲೆ ಇಳಿಯುತ್ತದೆ ಎಂದು ಹೆದರಿ, ಪಟ್ಟಿಯ ಕೊಂಡಿಗೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆದಿರಲಿಲ್ಲ. ಹೂಡಿಕೆ ಎಂದು ಕೊಂಡ ಮೇಲೆ ಅದು ಬೀರುವಿನೊಳಗಿನ ವಸ್ತು ಆಗಿಹೋಗುತ್ತದೆ. ವಾಚು ಆಗಿ ಉಳಿಯುವುದಿಲ್ಲ.

ಮಾರಿದ ಸಂಜೆಯೇ ಮನೆಯಲ್ಲಿ ನಿಜ ಹೇಳಿದೆ. ಕೊಂಡದ್ದು ಎಷ್ಟಕ್ಕೆ, ಮಾರಿದ್ದು ಎಷ್ಟಕ್ಕೆ, ಎರಡೂ. ಬಂದ ಹಣವನ್ನು ಎಲ್ಲಿಂದ ತೆಗೆದಿದ್ದೆನೋ ಅಲ್ಲೇ, ಮನೆಯ ಉಳಿತಾಯಕ್ಕೆ ವಾಪಸ್ ಹಾಕಿದೆ. ಆ ಮಾತುಕತೆ ಸುಲಭವಾಗಿರಲಿಲ್ಲ. ಅದರ ಬಗ್ಗೆ ಇಷ್ಟು ಸಾಕು.

ಆದರೆ ವಾಚಿನ ಮೇಲಿನ ಆಸೆ ಹೋಗಲಿಲ್ಲ. ಹಾಗಾಗಿ ಒಂದು ನೋಟ್‌ಬುಕ್ ತೆಗೆದುಕೊಂಡು ಕೂತೆ. ದುಬಾರಿ ವಾಚು ಕೊಳ್ಳಲು ನಾನು ಕೊಡುತ್ತಿದ್ದ ಒಂದೊಂದು ಕಾರಣವನ್ನೂ ಬರೆದು, ಅದು ನಿಜವೇ ಎಂದು ನೋಡಿದೆ.

ಸರಿಯಾದ ಸಮಯ ತೋರಿಸುತ್ತದೆ ಎನ್ನುವುದು ಮೊದಲು ಬಿತ್ತು. ಸೈಕೋ ಕಂಪನಿ 1969ರ ಡಿಸೆಂಬರ್ 25ರಂದು ಟೋಕಿಯೋದಲ್ಲಿ ಅಸ್ಟ್ರಾನ್ ಎಂಬ ವಾಚು ಮಾರಾಟಕ್ಕೆ ಇಟ್ಟಿತು. ಜಗತ್ತಿನ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಅದು. ಇವತ್ತಿನ ಕ್ವಾರ್ಟ್ಜ್ ವಾಚಿನಲ್ಲಿ ಬ್ಯಾಟರಿಯ ಬಲದಿಂದ ಸಣ್ಣ ಹರಳೊಂದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಸಾಧಾರಣ ಕ್ವಾರ್ಟ್ಜ್ ವಾಚು ತಿಂಗಳಿಗೆ 15 ಸೆಕೆಂಡ್ ಆಚೀಚೆ ಆಗಬಹುದು. ಸ್ವಿಟ್ಜರ್ಲೆಂಡಿನ ಸಿಒಎಸ್‌ಸಿ ಸಂಸ್ಥೆ ಕೀಲಿ ವಾಚಿಗೆ ಕ್ರೋನೋಮೀಟರ್, ಅಂದರೆ ತುಂಬಾ ಸರಿಯಾಗಿ ಸಮಯ ತೋರಿಸುವ ವಾಚು, ಎಂದು ಪ್ರಮಾಣಪತ್ರ ಕೊಡಬೇಕಾದರೆ ಅದು ದಿನಕ್ಕೆ ಸರಾಸರಿ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ, ಇದರೊಳಗೆ ಇರಬೇಕು. ತಿಂಗಳಿಗಲ್ಲ, ದಿನಕ್ಕೆ. ಅಂದರೆ ಪರೀಕ್ಷೆ ಗೆದ್ದ ಕೀಲಿ ವಾಚಿಗಿಂತ ಸಾಧಾರಣ ಬ್ಯಾಟರಿ ವಾಚೇ ಹೆಚ್ಚು ಸರಿ. ನನ್ನ ಗಮನ ಸೆಳೆದದ್ದು ಇನ್ನೊಂದು ಸಂಗತಿ. ಆ ಮೊದಲ ಅಸ್ಟ್ರಾನ್‌ನ ಬೆಲೆ ಆಗಿನ ಒಂದು ಸಣ್ಣ ಕಾರಿನಷ್ಟಿತ್ತು. ಸರಿಯಾದ ಸಮಯಕ್ಕೆ ಜನ ಒಂದು ಕಾಲದಲ್ಲಿ ಅಷ್ಟು ಕೊಟ್ಟಿದ್ದರು. ಈಗ ಅದು ಫೋನಿನಲ್ಲಿ ಬಿಟ್ಟಿ ಸಿಗುತ್ತದೆ.

ಗಟ್ಟಿ, ಜಾಸ್ತಿ ಬಾಳಿಕೆ ಬರುತ್ತದೆ ಎನ್ನುವುದು ಅರ್ಧ ನಿಜ. ಬಾಳುತ್ತದೆ, ಆದರೆ ನಾವು ನೋಡಿಕೊಂಡರೆ ಮಾತ್ರ. ಒಳಗಿನ ಎಣ್ಣೆ ಒಣಗುತ್ತದೆ, ನೀರು ತಡೆಯುವ ರಬ್ಬರ್ ಸುತ್ತು ಹಳತಾಗುತ್ತದೆ. 5ರಿಂದ 8 ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ ಸರ್ವಿಸ್ ಮಾಡಿಸಬೇಕು, ಅದಕ್ಕೆ ಒಳ್ಳೆಯ ಹಣ ಬೇಕು. ವಾಚಿನ ಬೆಲೆ ಲೆಕ್ಕ ಹಾಕುವಾಗ ಇದನ್ನು ಸೇರಿಸದವರೇ ಜಾಸ್ತಿ. ಮೊದಲ ಸಲ ನಾನೂ ಸೇರಿಸಿರಲಿಲ್ಲ.

ದಿನದ ಲೆಕ್ಕವನ್ನೂ ಹೊಡೆದು ಹಾಕಿದೆ. "ಇಪ್ಪತ್ತು ವರ್ಷ ಕಟ್ಟುತ್ತೇನೆ, ಭಾಗಿಸಿ ನೋಡಿದರೆ ದಿನಕ್ಕೆ ಏನೂ ಇಲ್ಲ" ಎನ್ನುತ್ತೇವಲ್ಲ, ಅದು. ಇಪ್ಪತ್ತು ವರ್ಷದಿಂದ ಭಾಗಿಸಿದರೆ ಯಾವುದು ತಾನೇ ದುಬಾರಿ ಅನ್ನಿಸುತ್ತದೆ? ಹಣ ಹೋಗುವುದು ಇಪ್ಪತ್ತು ವರ್ಷದಲ್ಲಲ್ಲ, ಒಂದೇ ದಿನ. ಮಕ್ಕಳಿಗೆ ಕೊಡುತ್ತೇನೆ ಎಂಬುದನ್ನೂ ತೆಗೆದೆ. ಅವರಿಗೆ ಬೇಕೋ ಬೇಡವೋ ನಾನು ಕೇಳಿಯೇ ಇರಲಿಲ್ಲ.

ಎಲ್ಲ ಹೋದ ಮೇಲೆ ಉಳಿದದ್ದು ಒಂದೇ. ನನಗೆ ಆ ಯಂತ್ರ ಇಷ್ಟ.

ಆ ಇಷ್ಟ ಎಷ್ಟು ಗಟ್ಟಿ ಎಂದು ನನಗೇ ಗೊತ್ತಿರಲಿಲ್ಲ. ಗೊತ್ತಾದದ್ದು ವಾಚು ರಿಪೇರಿ ಮಾಡುವವರ ಮೇಜಿನ ಪಕ್ಕ. ನನ್ನ ಹಳೆಯ ಅಗ್ಗದ ಕೀಲಿ ವಾಚೊಂದು ನಿಂತುಹೋಗಿತ್ತು. ಅವರು ಹಿಂದಿನ ಮುಚ್ಚಳ ತೆಗೆದು, ಕಣ್ಣಿಗೆ ಹಾಕುವ ಭೂತಗನ್ನಡಿ ನನಗೆ ಕೊಟ್ಟು "ನೋಡಿ" ಎಂದರು. ಸುರುಳಿಯಾಗಿ ಸುತ್ತಿಟ್ಟ ಉಕ್ಕಿನ ಪಟ್ಟಿ ಬಿಚ್ಚಿಕೊಳ್ಳಲು ನೋಡುತ್ತದೆ. ಅದರ ಬಲ ಹಲ್ಲಿನ ಚಕ್ರಗಳ ಸಾಲಿನಲ್ಲಿ ಹರಿದು ಬರುತ್ತದೆ. ತಡೆಯದಿದ್ದರೆ ಎಲ್ಲ ಒಂದೇ ಸಲ ಗಿರ್ರನೆ ತಿರುಗಿ ಖಾಲಿಯಾಗಿಬಿಡುತ್ತದೆ. ತಡೆಯುವುದು ಎಸ್ಕೇಪ್‌ಮೆಂಟ್. ಅದು ಕೊನೆಯ ಚಕ್ರದ ಹಲ್ಲುಗಳನ್ನು ಒಂದೊಂದಾಗಿ ಹಿಡಿಯುತ್ತದೆ, ಬಿಡುತ್ತದೆ. ಯಾವಾಗ ಬಿಡಬೇಕು ಎಂದು ಹೇಳುವುದು ಬ್ಯಾಲೆನ್ಸ್ ವೀಲ್. ಕೂದಲಿಗಿಂತ ತೆಳುವಾದ ಸ್ಪ್ರಿಂಗ್ ಅದನ್ನು ಆಚೆಗೊಮ್ಮೆ ಈಚೆಗೊಮ್ಮೆ ಎಳೆಯುತ್ತದೆ. ನಾವು ಕೇಳುವ ಟಿಕ್ ಟಿಕ್ ಆ ಹಿಡಿದು ಬಿಡುವ ಸದ್ದು. ಅವರು ಎರಡು ಹನಿ ಎಣ್ಣೆ ಇಟ್ಟು ಕೀಲಿ ತಿರುಗಿಸಿದರು. ನಿಂತಿದ್ದ ಚಕ್ರ ಒಮ್ಮೆ ನಡುಗಿತು, ಆಮೇಲೆ ಓಡಲು ಶುರು ಮಾಡಿತು. ನನ್ನ ಎದೆ ಹಗುರವಾಯಿತು. ಮಾರಿದ ವಾಚಿನ ಬೆಲೆ ಏರಿದಾಗಲೂ ನನಗೆ ಹಾಗೆ ಆಗಿರಲಿಲ್ಲ.

ಅಲ್ಲಿಂದ ನನಗೊಂದು ಪ್ರಶ್ನೆ ಸಿಕ್ಕಿತು. ನಾಳೆಯಿಂದ ಈ ವಾಚನ್ನು ಯಾರೂ ಒಂದು ಪೈಸೆಗೂ ಕೊಳ್ಳುವುದಿಲ್ಲ ಎಂದಾದರೆ, ಆಗಲೂ ಇಷ್ಟು ಹಣ ಕೊಟ್ಟು ಕೊಳ್ಳುತ್ತೇನಾ? ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇದನ್ನೇ ಬರೆದೆ. ಆಮೇಲೆ ಆಸೆಯಾದ ಪ್ರತಿ ವಾಚಿನ ಹೆಸರು, ತಾರೀಖು. ಇಪ್ಪತ್ತು ತಿಂಗಳಲ್ಲಿ ಹನ್ನೊಂದು ಹೆಸರು ಬಂದವು. ಹತ್ತು ಹೆಸರು ಒಂದೆರಡು ವಾರದಲ್ಲೇ ಮನಸ್ಸಿನಿಂದ ಹೋದವು. ಉಳಿದದ್ದು ಒಮೆಗಾ ಸ್ಪೀಡ್‌ಮಾಸ್ಟರ್ ಪ್ರೊಫೆಷನಲ್. ಕೈಯಲ್ಲೇ ಕೀಲಿ ಕೊಡಬೇಕಾದ ವಾಚು.

ಅದರ ಕತೆ ಎಲ್ಲರಿಗೂ ಗೊತ್ತು, ಚಂದ್ರನ ಮೇಲೆ ಹೋದ ವಾಚು. 1957ರಲ್ಲಿ ಬಂತು. 1965ರಲ್ಲಿ ನಾಸಾ ಅದನ್ನು ಬಿಸಿ, ಚಳಿ, ನಿರ್ವಾತ, ಅದುರಾಟ ಎಲ್ಲದರಲ್ಲೂ ಪರೀಕ್ಷಿಸಿ ಒಪ್ಪಿಕೊಂಡಿತು. 1970ರ ಏಪ್ರಿಲಿನಲ್ಲಿ ಅಪೋಲೋ 13 ನೌಕೆಯಲ್ಲಿ ಸ್ಫೋಟವಾದ ಮೇಲೆ, ವಾಪಸ್ ಬರುವ ದಾರಿ ಸರಿಪಡಿಸಲು ಇಂಜಿನ್ನನ್ನು 14 ಸೆಕೆಂಡ್ ಉರಿಸಬೇಕಿತ್ತು. ಆ 14 ಸೆಕೆಂಡ್ ಎಣಿಸಿದ್ದು ಈ ವಾಚಿನಲ್ಲಿ. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಆದರೂ ಕತೆಗೆ ದುಡ್ಡು ಕೊಡುತ್ತಿದ್ದೇನಾ ಎಂದು ನೋಡಬೇಕಿತ್ತು. ಹುಡುಕಿದೆ. ಚಂದ್ರನ ಮೇಲೆ ಮೊದಲು ಹೋದ ವಾಚಿನ ಒಳಗೆ ಇದ್ದದ್ದು 321 ಎಂಬ ಯಂತ್ರ. ನನಗೆ ಬಜೆಟ್ಟಿನಲ್ಲಿ ಸಿಗುತ್ತಿದ್ದದ್ದು 1861 ಯಂತ್ರದ ವಾಚು. ಅದು 1968ರಲ್ಲಿ ಬಂದ 861ರ ಮುಂದಿನ ರೂಪ. ಹಳೆಯದರ ಬಿಡಿಭಾಗ ಬದಲಾಗಿವೆ, ವೇಗ ಬದಲಾಗಿದೆ. ಮುಖ ಹೆಚ್ಚುಕಡಿಮೆ ಅದೇ, ಒಳಗಿನದು ಅದಲ್ಲ. ಇದು ಗೊತ್ತಾದ ಮೇಲೂ ಆಸೆ ಇಳಿಯಲಿಲ್ಲ. ಆಗ ನನಗೆ ಧೈರ್ಯ ಬಂತು.

ಹಣದ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಾನು ಹಟ ಹಿಡಿದಿದ್ದೆ. ಆರು ತಿಂಗಳ ಮನೆ ಖರ್ಚು ತುರ್ತಿಗೆಂದು ಬೇರೆ ಇರಬೇಕು, ಅದು ತುಂಬುವವರೆಗೆ ವಾಚಿನ ಮಾತಿಲ್ಲ. ಸಾಲ ಇಲ್ಲ, ಕಂತು ಇಲ್ಲ. ಕಂತಿನಲ್ಲಿ ಕೊಂಡರೆ ವಾಚು ಕೈಗೆ ಬಂದ ಮೇಲೂ ಆಸೆಗೆ ಬಾಡಿಗೆ ಕಟ್ಟುತ್ತಲೇ ಇರಬೇಕು. ಬೇರೆ ಖಾತೆ ತೆರೆದು ತಿಂಗಳಿಗೆ ಸಂಬಳದ 12% ಹಾಕುತ್ತಾ ಬಂದೆ. ಅಷ್ಟು ಎಲ್ಲಿಂದ ಬಂತು ಎಂದರೆ, ಮುಕ್ಕಾಲು ಭಾಗ ನನ್ನದೇ ಚಿಕ್ಕಪುಟ್ಟ ಖರೀದಿ ನಿಲ್ಲಿಸಿದ್ದರಿಂದ. ಬೇಸರವಾದಾಗ ಒಂದು ಅಗ್ಗದ ವಾಚು, ಒಂದು ಹೊಸ ಪಟ್ಟಿ, ಸುಮ್ನೆ ಏನೋ ಒಂದು ತರಿಸುತ್ತಿದ್ದೆ. ಏಳು ವಾಚು ಡ್ರಾಯರಿನಲ್ಲಿ ಬಿದ್ದಿದ್ದವು. ಆರನ್ನು ಮಾರಿದೆ. ಆ ರಿಪೇರಿಯಾದ ಒಂದನ್ನು ಇಟ್ಟುಕೊಂಡೆ.

ಇಪ್ಪತ್ತು ತಿಂಗಳು ಕಾಯುವುದು ಮೊದಲು ಶಿಕ್ಷೆ ಎನಿಸಿತ್ತು. ಆರು ತಿಂಗಳಾದ ಮೇಲೆ ಹಾಗೆ ಅನ್ನಿಸಲಿಲ್ಲ. ರಟ್ಟನ್ನು 42 ಮಿಲಿಮೀಟರ್ ಅಗಲಕ್ಕೆ ದುಂಡಗೆ ಕತ್ತರಿಸಿ ಮಣಿಕಟ್ಟಿನ ಮೇಲೆ ಇಟ್ಟು ನೋಡುತ್ತಿದ್ದೆ. ಪರಿಚಯದವರೊಬ್ಬರ ವಾಚನ್ನು ಒಂದು ಇಡೀ ದಿನ ಕೇಳಿ ಪಡೆದು ಕಟ್ಟಿದೆ. ಈ ಕೆಲಸವನ್ನು ಎಲ್ಲರೂ ಮಾಡಬೇಕು ಎನ್ನುತ್ತೇನೆ. ಅಂಗಡಿಯಲ್ಲಿ ಐದು ನಿಮಿಷ ಕಟ್ಟಿ ನೋಡಿದರೆ ಏನೂ ತಿಳಿಯುವುದಿಲ್ಲ. ತೋಳಿನ ಗುಂಡಿ ಹಾಕಿದಾಗ ತಡೆಯುತ್ತದಾ, ಕೂತು ಬರೆಯುವಾಗ ಮೇಜಿಗೆ ತಾಗುತ್ತದಾ, ಸಂಜೆ ಹೊತ್ತಿಗೆ ಭಾರ ಅನ್ನಿಸುತ್ತದಾ, ಇವೆಲ್ಲ ಗೊತ್ತಾಗಲು ಒಂದು ದಿನ ಬೇಕು.

ಹಣ ಕೂಡಿದ ಮೇಲೆ ಮನೆಯಲ್ಲಿ ಕೂತು ಮಾತಾಡಿದೆ. ಈ ಸಲ ಕಾಗದದ ಮೇಲೆ ಬರೆದೇ ತೋರಿಸಿದೆ. ವಾಚಿಗೆ ಎರಡೂವರೆ ತಿಂಗಳ ಸಂಬಳ, ಮುಂದಿನ ಸರ್ವಿಸ್‌ಗೆ ತಿಂಗಳಿಗೆ ಇಷ್ಟು, ಮಾರಿದರೆ ಎಷ್ಟು ಸಿಗಬಹುದು ಎಂಬ ಜಾಗದಲ್ಲಿ ಸೊನ್ನೆ. "ಸೊನ್ನೆನಾ?" ಎಂದು ಕೇಳಿದರು. ಸೊನ್ನೆ ಸಿಗುವುದಿಲ್ಲ, ಏನೋ ಬರುತ್ತದೆ. ಆದರೆ ಅದನ್ನು ನೆಚ್ಚಿಕೊಂಡು ಕೊಳ್ಳುತ್ತಿಲ್ಲ ಎಂದೆ. "ಹಾಗಾದರೆ ಯಾಕೆ?" ಮತ್ತೆ ಅದೇ ಪ್ರಶ್ನೆ. "ನನಗೆ ಇಷ್ಟ. ಹಣ ಇದೆ. ಇದರಿಂದ ಮನೆಯಲ್ಲಿ ಯಾವುದೂ ನಿಲ್ಲುವುದಿಲ್ಲ" ಎಂದೆ. ಅವರು ಕಾಗದವನ್ನು ಇನ್ನೊಮ್ಮೆ ಓದಿ, "ಸರಿ, ತಗೋ" ಎಂದರು.

ಹೊಸದಲ್ಲ, ಬಳಸಿದ್ದನ್ನೇ ಕೊಂಡೆ. ಹಣ ಕೊಡುವ ಮೊದಲು ರಿಪೇರಿಯವರ ಹತ್ತಿರ ಟೈಮ್‌ಗ್ರಾಫರ್ ಮೇಲೆ ಇಡಿಸಿದೆ. ಅದು ಟಿಕ್ ಸದ್ದನ್ನು ಕೇಳಿಸಿಕೊಂಡು ದಿನಕ್ಕೆ ಎಷ್ಟು ಸೆಕೆಂಡ್ ಮುಂದೆ ಹಿಂದೆ, ಬ್ಯಾಲೆನ್ಸ್ ವೀಲ್ ಎಷ್ಟು ಡಿಗ್ರಿ ತಿರುಗುತ್ತದೆ ಎಂದು ತೋರಿಸುವ ಯಂತ್ರ. ದಿನಕ್ಕೆ 7 ಸೆಕೆಂಡ್ ಮುಂದೆ, ತಿರುಗಾಟ 280 ಡಿಗ್ರಿಗೆ ಹತ್ತಿರ. ಒಳ್ಳೆಯ ಆರೋಗ್ಯ. ಈ ವಾಚಿನ ಬೆಲೆಯಲ್ಲಿ ಎಷ್ಟು ಭಾಗ ಕಂಪನಿಯ ಹೆಸರಿಗೆ ಕೊಟ್ಟ ಹಣ ಎಂದು ಕೇಳಿದರೆ, ಖಂಡಿತ ಒಂದು ಭಾಗ ಇದೆ. ಜಾಹೀರಾತಿನ ಖರ್ಚೂ ಕೊಳ್ಳುವವನ ತಲೆಗೇ ಬರುತ್ತದೆ. ಅಂಚುಗಳನ್ನೆಲ್ಲ ಕೈಯಲ್ಲೇ ಉಜ್ಜಿ ಹೊಳಪು ಕೊಟ್ಟ ಯಂತ್ರಗಳು ಬೇರೆ ಇವೆ, ನನ್ನದರಲ್ಲಿ ಅಷ್ಟು ಕೈಕೆಲಸ ಇಲ್ಲ. ಇದು ತಿಳಿದೇ ಕೊಂಡೆ.

ಈಗ ವರ್ಷ ದಾಟಿದೆ. ಬೆಳಿಗ್ಗೆ ಎದ್ದ ಮೇಲೆ ಕೀಲಿ ಕೊಡುತ್ತೇನೆ. ತುಂಬಿದರೆ ಸುಮಾರು 48 ಗಂಟೆ ಓಡುತ್ತದೆ, ಆದರೂ ದಿನಾ ಕೊಡುತ್ತೇನೆ. ಬೆರಳಿಗೆ ಮೆಲ್ಲಗೆ ಬಿಗಿ ಹತ್ತುತ್ತದೆ, ಇನ್ನು ಸಾಕು ಎಂದು ಸ್ಪ್ರಿಂಗೇ ಹೇಳುತ್ತದೆ. ಸೆಕೆಂಡಿಗೆ ಆರು ಬಡಿತ, ದಿನಕ್ಕೆ 5,18,400. ಒಂದು ದಿನದ 86,400 ಸೆಕೆಂಡಿನಲ್ಲಿ 7 ಸೆಕೆಂಡ್ ತಪ್ಪುತ್ತದೆ. ಬ್ಯಾಟರಿ ಇಲ್ಲದೆ, ನನ್ನ ಬೆರಳಿನ ಬಲದಲ್ಲೇ ಓಡುವ ಯಂತ್ರ ಅಷ್ಟು ಸರಿಯಾಗಿ ಇರುತ್ತದಲ್ಲ, ಅದು ನನಗೆ ಇವತ್ತಿಗೂ ಬೆರಗು.

ಗಾಜು ಹೆಸಲೈಟ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್. ಬೇಗ ಗೀರು ಬೀಳುತ್ತದೆ. ಬಾಗಿಲ ಚಿಲಕಕ್ಕೆ ತಾಗಿ ಮೂರನೇ ವಾರದಲ್ಲೇ ಮೊದಲ ಗೀರು ಬಿತ್ತು. ಪಾಲಿಶ್ ಹಚ್ಚಿ ಬಟ್ಟೆಯಲ್ಲಿ ಹತ್ತು ನಿಮಿಷ ಉಜ್ಜಿದೆ, ಹೋಯಿತು. ಪಕ್ಕದ ಸ್ಟೀಲಿನ ಮೇಲೆ ಬಿದ್ದದ್ದು ಹಾಗೇ ಇದೆ. ಅದನ್ನು ನೋಡಿದರೆ ಬೇಸರ ಆಗುವುದಿಲ್ಲ.

ಬೇರೆ ಖಾತೆ ಮುಚ್ಚಿಲ್ಲ. ತಿಂಗಳಿಗೊಮ್ಮೆ ಸರ್ವಿಸ್‌ನ ಹಣ ಅದಕ್ಕೆ ಹೋಗುತ್ತದೆ. ನೋಟ್‌ಬುಕ್ ಅದೇ ಡ್ರಾಯರಿನಲ್ಲಿ ಇದೆ. ಹನ್ನೆರಡನೇ ಹೆಸರು ಇನ್ನೂ ಬಂದಿಲ್ಲ.