ಟೋನು ಕಾಲಿಗೆ ಬಂದದ್ದು

ಗಂಗಾವತಿ, ಕಾರಟಗಿ ಕಡೆಯ ಹಳ್ಳಿ ನಾಟಕಗಳಿಗೆ ನಾನು ಕೀಬೋರ್ಡ್ ಬಾರಿಸುತ್ತೇನೆ. ಯಾವ ಕಂಪನಿಯದಿದ್ದರೂ ಊರವರ ಬಾಯಲ್ಲಿ ಅದು ಕ್ಯಾಸಿಯೋನೇ. ಕೊಪ್ಪಳದ ಗವಿಮಠದ ಜಾತ್ರೆ ಮುಗಿದರೆ ನಮ್ಮ ಸೀಜನ್ ಶುರು, ತಿಂಗಳಿಗೆ ಎಂಟು-ಹತ್ತು ರಾತ್ರಿ. ನಾಯಕಿ ಅತ್ತರೆ ಶಹನಾಯಿ, ಗೌಡ ಮೀಸೆ ತಿರುವಿದರೆ ಬ್ರಾಸ್, ಹಾಸ್ಯದ ಜೋಡಿ ಬಂದರೆ ಮತ್ತೊಂದು. ಬೆಳಗಾಗುವುದರೊಳಗೆ ಕಡಿಮೆ ಅಂದರೂ 90 ಸಲ ಟೋನ್, ಅಂದರೆ ವಾದ್ಯದ ದನಿ, ಬದಲಿಸಬೇಕು. ಮೊದಲೇ ಜೋಡಿಸಿಟ್ಟ ಟೋನ್ ಕರೆಯುವ ರಿಜಿಸ್ಟ್ರೇಷನ್ ಬಟನ್ ಇದೆಯಲ್ಲ ಅನ್ನಬೇಡಿ. ಅದಕ್ಕೂ ಒಂದು ಕೈ ಬೇಕು, ಕತ್ತಲಲ್ಲಿ ಕಣ್ಣೂ ಬೇಕು.

ಕಾಲಿನಿಂದ ಪ್ರೋಗ್ರಾಂ ಚೇಂಜ್, ಅಂದರೆ ಟೋನ್ ಬದಲಿಸುವ ಸಂದೇಶ, ಕಳಿಸುತ್ತೇನೆ ಅಂದಾಗ ನಮ್ಮ ಪೇಟಿ ಮಾಸ್ತರು ನಕ್ಕರು. "ತಮ್ಮಾ, ಹೊಲಿಗಿ ಮಷೀನ್ ತುಳದಂಗ ತುಳೀತಿಯೇನು?" ರಿದಂ ಪ್ಯಾಡ್ ಬಾರಿಸುವ ಹುಡುಗ ಇದು ಆಗುವುದಿಲ್ಲ ಎಂದು ಚಹಾ ಪಂಥ ಕಟ್ಟಿದ.

ಮೊದಲು ಮೊಬೈಲ್ ಮತ್ತು 350 ರೂಪಾಯಿಯ ಯುಎಸ್‌ಬಿ ಮಿಡಿ ಕೇಬಲ್. ಮಿಡಿ ಅಂದರೆ ವಾದ್ಯಗಳು ಒಂದಕ್ಕೊಂದು ಸಂದೇಶ ಕಳಿಸುವ ಭಾಷೆ. ಸ್ಕ್ರೀನ್ ಆರುವುದು, ನಡುವೆ ಫೋನ್ ಬರುವುದು. ನಾಲ್ಕೇ ದಿನಕ್ಕೆ ಬಿಟ್ಟೆ. ಆಮೇಲೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ಆರ್ಡುಯಿನೋ ನ್ಯಾನೋ ಎಂಬ ಪುಟ್ಟ ಪ್ರೋಗ್ರಾಂ ಬೋರ್ಡು ತರಿಸಿದೆ, ಕಾಪಿ ಮಾಲು, 300ರ ಆಸುಪಾಸು. ಎರಡು 220 ಓಮ್ ರೆಸಿಸ್ಟರ್, ಐದು ಪಿನ್ನಿನ ಸಾಕೆಟ್, ಸೆಕೆಂಡಿಗೆ 31,250 ಬಿಟ್ ವೇಗ, ಎಲ್ಲ ಸೇರಿ ಒಂದು ಡಬ್ಬಿ. ಪೆಡಲಿಗೆ ಕಾಲಿಂಗ್ ಬೆಲ್ ಸ್ವಿಚ್ಚನ್ನು ಹಲಗೆಗೆ ಹೊಡೆದಿದ್ದೆ, ಎರಡನೇ ರಾತ್ರಿಗೇ ಪುಡಿಯಾಯಿತು. ಅದು ಇದ್ದಷ್ಟು ಹೊತ್ತೂ ಒಮ್ಮೆ ತುಳಿದರೆ ಎರಡು ಟೋನ್ ಹಾರುತ್ತಿತ್ತು. ಪ್ರೋಗ್ರಾಮಿನಲ್ಲಿ 50 ಮಿಲಿಸೆಕೆಂಡ್ ಕಾಯಿಸಿದ ಮೇಲೆ ಆ ಕಾಟ ನಿಂತಿತು. ಈಗಿರುವುದು ಎರಡು ಸಸ್ಟೇನ್ ಪೆಡಲ್, ಒಂದು ಮುಂದಿನ ಟೋನಿಗೆ, ಒಂದು ಹಿಂದಿನದಕ್ಕೆ.

ಸರಿ, ಸಂದೇಶ ಹೋಯಿತು. ಆದರೆ ನಾನು ಒತ್ತಿದ ಮನೆಗೆ (ಕೀಗೆ) ಮಾತ್ರ ಅದೇ ಪಿಯಾನೋ! ವಾರ ತಲೆ ಕೆಡಿಸಿಕೊಂಡೆ. ನನ್ನ ಹಳೇ ಅರೇಂಜರ್ ಕೀಬೋರ್ಡಿನಲ್ಲಿ ಹೊರಗಿಂದ ಬಂದ ಪ್ರೋಗ್ರಾಂ ಚೇಂಜ್ ಒಳಗಿನ, ಬೇರೆಬೇರೆ ಟೋನ್ ಹಿಡಿಯುವ 16 ಚಾನೆಲ್‌ಗಳ ಟೋನನ್ನು ಬದಲಿಸುತ್ತದೆ, ಪ್ಯಾನೆಲ್ಲಿನ ಟೋನನ್ನು ಮುಟ್ಟುವುದೇ ಇಲ್ಲ. ಕೊನೆಗೆ ಲೋಕಲ್ ಆಫ್ ಮಾಡಿದೆ, ಅಂದರೆ ಮನೆ ಒತ್ತಿದರೂ ಕೀಬೋರ್ಡ್ ತಾನೇ ನುಡಿಯದಂತೆ. ಮನೆ ಒತ್ತಿದರೆ ಸ್ವರ ಮಿಡಿ ಔಟ್‌ನಿಂದ ನನ್ನ ಡಬ್ಬಿಗೆ ಬಂದು, ಅಲ್ಲಿಂದ ಮಿಡಿ ಇನ್‌ಗೆ ಮರಳುವಂತೆ ಸುತ್ತು ಹಾಕಿದೆ. ತಡ ಕಿವಿಗೆ ಗೊತ್ತಾಗುವಷ್ಟಿಲ್ಲ.

ಇಲ್ಲಿ ಜಿಪುಣತನ ಮಾಡಿ ಪೆಟ್ಟು ತಿಂದೆ. ಡಬ್ಬಿಯ ಇನ್‌ಪುಟ್ಟಿಗೆ 10 ರೂಪಾಯಿಯ ಪಿಸಿ817 ಹಾಕಿದೆ, ಬೆಳಕಿನಿಂದ ಸಂಕೇತ ದಾಟಿಸುವ ಆಪ್ಟೋಕಪ್ಲರ್ ಚಿಪ್ಪು. ನಿಧಾನಕ್ಕೆ ಬಾರಿಸಿದರೆ ಚೆನ್ನ, ಜೋರು ತಾನ ಹೊಡೆದರೆ ನಡುನಡುವೆ ಸ್ವರ ಮಾಯ. ಆ ಚಿಪ್ಪಿಗೆ ಮಿಡಿಯ ವೇಗ ತಾಳುವುದಿಲ್ಲ. ಅದೇ ಜಾತಿಯ ಚುರುಕು ಚಿಪ್ಪು 6ಎನ್138 ಹಾಕಿದ ಮೇಲೆ ಸರಿಹೋಯಿತು, ಅದಕ್ಕೆ 60-70 ರೂಪಾಯಿ ಬಿತ್ತು.

ನಗೆಪಾಟಲಾಗಿದ್ದು ತಾಲೀಮಿನಲ್ಲಿ. ಟೋನುಗಳಿಗೆ ನಂಬರ್ ಕೊಟ್ಟ ಜನರಲ್ ಮಿಡಿ ಪಟ್ಟಿಯಲ್ಲಿ ಶಹನಾಯಿ 112. ಪಟ್ಟಿ ಎಣಿಸುವುದು 1ರಿಂದ, ತಂತಿಯೊಳಗಿನ ಎಣಿಕೆ 0ಯಿಂದ. ಕಳಿಸಬೇಕಾದ್ದು 111, ನಾನು 112 ಅಂತಲೇ ಕಳಿಸಿದ್ದೆ. ಎಲ್ಲ ಟೋನಿಗೂ ಇದೇ ತಪ್ಪು. ಪಿಯಾನೋ ಪಕ್ಕ ಇನ್ನೊಂದು ಪಿಯಾನೋ, ಸ್ಟ್ರಿಂಗ್ಸ್ ಪಕ್ಕ ಇನ್ನೊಂದು ಸ್ಟ್ರಿಂಗ್ಸ್, ಕೊಳಲಿನ ಪಕ್ಕ ರೆಕಾರ್ಡರ್. ಒಂದು ನಂಬರ್ ಸರಿದದ್ದು ಯಾರ ಕಿವಿಗೂ ಬೀಳಲಿಲ್ಲ, ನನ್ನ ಕಿವಿಗೂ. ಗಂಡ ಸತ್ತ ಸೀನ್ ಬಂತು, ಹೆಣದ ಮೇಲೆ ಬಿದ್ದು ಅಳುವ ನಾಯಕಿಯ ಹಿಂದೆ 113ನೆಯ ಟಿಂಕಲ್ ಬೆಲ್ ಕಿಣಿಕಿಣಿ ಅಂದಿತು. ಹೆಣವೂ ನಕ್ಕಿತು.

ಟೋನುಗಳ ಗುಂಪು ಆರಿಸುವ ಬ್ಯಾಂಕಿನದು ಇನ್ನೊಂದು ಗೋಳು. ಮೊದಲು ಸೊನ್ನೆ ನಂಬರಿನ ಕಂಟ್ರೋಲ್ ಸಂದೇಶ, ಆಮೇಲೆ 32ನೇ ನಂಬರಿನದು, ಕೊನೆಗೆ ಪ್ರೋಗ್ರಾಂ ಚೇಂಜ್. ಕೊನೆಯದು ಹೋಗದಿದ್ದರೆ ಮೊದಲೆರಡಕ್ಕೆ ಬೆಲೆ ಇಲ್ಲ. ಒಂದಿಡೀ ಸಂಜೆ ಬರೀ ಬ್ಯಾಂಕ್ ಕಳಿಸಿ ಕೀಬೋರ್ಡನ್ನು ಬೈದಿದ್ದೇನೆ. ಮೂರರ ನಡುವೆ ಎಷ್ಟು ಉಸಿರು ಬಿಡಬೇಕು ಅನ್ನುವುದನ್ನು ನೀವೇ ಹುಡುಕಿಕೊಳ್ಳಿ, ನನಗೆ ಹದಿನೈದು ದಿನ ಹಿಡಿಯಿತು.

ಮೊದಲ ನಾಟಕ ಕನಕಗಿರಿ ಹತ್ತಿರದ ಹಳ್ಳಿಯಲ್ಲಿ. ಜನರೇಟರಿನ ಕರೆಂಟು ನಂಬದೆ ಡಬ್ಬಿಗೆ ಪವರ್ ಬ್ಯಾಂಕ್ ಕೊಟ್ಟಿದ್ದೆ. ಎರಡನೇ ಸೀನಿಗೆ ಕೀಬೋರ್ಡ್ ಪೂರಾ ಮೂಕ. ಲೋಕಲ್ ಆಫ್ ಅಲ್ಲವೇ, ಡಬ್ಬಿ ಸತ್ತರೆ ನಾನೂ ಸತ್ತಂತೆ. ಪೇಟಿ ಮಾಸ್ತರು ಒಬ್ಬರೇ ಸೀನ್ ಎಳೆದರು, ಆ ಋಣ ದೊಡ್ಡದು. ಮರುದಿನ ಸಿಕ್ಕ ಕಾರಣ: ನ್ಯಾನೋ ಎಳೆಯುವುದು 20-30 ಮಿಲಿಆಂಪ್, ಅಷ್ಟು ಕಡಿಮೆಗೆ ಪವರ್ ಬ್ಯಾಂಕು ಯಾರೂ ಇಲ್ಲವೆಂದು ತಿಳಿದು ಮಲಗಿಬಿಡುತ್ತದೆ. 5 ವೋಲ್ಟಿಗೆ 47 ಓಮ್, 1 ವ್ಯಾಟ್ ರೆಸಿಸ್ಟರ್ ಅಡ್ಡ ಹಾಕಿ 100 ಮಿಲಿಆಂಪ್ ಸುಮ್ಮನೆ ಸುಟ್ಟೆ. ಡಬ್ಬಿ ಬೆಚ್ಚಗಿರುತ್ತದೆ, ಆದರೆ ಬೆಳಗಿನ ತನಕ ಎಚ್ಚರವಿರುತ್ತದೆ.

ಆಮೇಲೆ 20ಕ್ಕೂ ಹೆಚ್ಚು ನಾಟಕ ಆದವು, ಒಮ್ಮೆಯೂ ಕೈಕೊಟ್ಟಿಲ್ಲ. ಟೋನ್ ಬದಲಾದಾಗ ಹಿಂದಿನ ಸ್ವರದ ಬಾಲ ಕತ್ತರಿಸಿ ಹೋಗುವುದು ಬಹಳಷ್ಟು ಕೀಬೋರ್ಡುಗಳಲ್ಲಿ ಇರುವ ರೋಗ. ನನ್ನದರಲ್ಲಿ ಶಹನಾಯಿಯ ಬಾಲ ಆರುವ ಮೊದಲೇ ಬ್ರಾಸ್ ಬರುತ್ತದೆ, ಎರಡೂ ಕೇಳಿಸುತ್ತವೆ. ಹೇಗೆ ಅಂತ ಹೇಳಿದರೆ ನನ್ನ ಅನ್ನಕ್ಕೆ ಕಲ್ಲು. 16 ಚಾನೆಲ್ ಇವೆ ಅನ್ನುವುದಷ್ಟನ್ನು ನೆನಪಿಡಿ.

ನಡುವೆ ಡ್ರಮ್ಮಿಗೆ ಮೀಸಲಾದ 10ನೇ ಚಾನೆಲ್ಲಿಗೆ ಪ್ರೋಗ್ರಾಂ ಚೇಂಜ್ ಕಳಿಸಿ ಡ್ರಮ್ ಕಿಟ್ ಬದಲಿಸುವ ಆಟ ಆಡಿದೆ. 49 ಹಾಕಿದರೆ ಆರ್ಕೆಸ್ಟ್ರಾ ಕಿಟ್, ಯುದ್ಧದ ಸೀನಿಗೆ ಬೊಂಬಾಟ್. ಪ್ಯಾಡ್ ಹುಡುಗ ಮುಖ ಊದಿಸಿಕೊಂಡ, ತೆಗೆದುಬಿಟ್ಟೆ. ಪಂಥದ ಚಹಾ ಮಾತ್ರ ಕುಡಿದಿದ್ದೇನೆ.

ಡಬ್ಬಿ, ಪೆಡಲ್ ಸೇರಿ 2,200 ಆಗಿರಬೇಕು, ಹಾಳು ಮಾಡಿಕೊಂಡದ್ದು ಬೇರೆ 1,500. ಸೀಜನ್ನಿನಲ್ಲಿ ನನ್ನ ರೇಟು ರಾತ್ರಿಗೆ 500 ಏರಿತು, ಹತ್ತು ನಾಟಕದೊಳಗೆ ಅಸಲು ಬಂತು. ಬೇರೆಯವರಿಗೆ ಮೂರು ಡಬ್ಬಿ ಮಾಡಿಕೊಟ್ಟೆ, ಒಂದಕ್ಕೆ 3,500. ಸಿಂಧನೂರಿನವರದು ಇನ್ನೂ 1,000 ಬಾಕಿ ಇದೆ. ಜಾತ್ರೆ ಮುಗಿದ ಮೇಲೆ ಅಂದಿದ್ದರು, ಯಾವ ಜಾತ್ರೆ ಅಂತ ಹೇಳಿರಲಿಲ್ಲ.