ಮನೆಯ ಚದರ ಅಡಿಯನ್ನು ಸರಿಯಾಗಿ ಅಳೆಯುವುದು ಹೇಗೆ?

ಮನೆಯ ಮೇಲೆ ಸಾಲ ಕೇಳಿದಾಗ ಬ್ಯಾಂಕಿನ ಮೌಲ್ಯಮಾಪಕರು ಬಂದು ಅಳತೆ ತೆಗೆದುಕೊಂಡು ಹೋಗುತ್ತಾರೆ. ಕಟ್ಟಡದ ಬೆಲೆಯನ್ನು ಸಾಮಾನ್ಯವಾಗಿ ಚದರ ಅಡಿಯ ದರದಲ್ಲಿ ಕಟ್ಟುವುದರಿಂದ, ಅವರ ವರದಿಯನ್ನು ತಾಳೆ ನೋಡಲು ಮನೆಯವರ ಬಳಿಯೂ ಸ್ವಂತ ಅಳತೆ ಇರಲೇಬೇಕು.

ಟೇಪು ಹಿಡಿಯುವ ಮೊದಲು ಯಾವ ವಿಸ್ತೀರ್ಣ ಬೇಕೆಂಬುದನ್ನು ಖಚಿತಪಡಿಸಿಕೊಳ್ಳಿ. ಹೊರಗೋಡೆಗಳ ದಪ್ಪವೂ ಸೇರಿದ್ದು ಬಿಲ್ಟಪ್ ಏರಿಯಾ. ಸ್ವಂತ ನಿವೇಶನದ ಮನೆಗಳಿಗೆ ಹೆಚ್ಚಾಗಿ ಇದನ್ನೇ ಕೇಳುತ್ತಾರೆ. ಫ್ಲ್ಯಾಟುಗಳ ಕಾರ್ಪೆಟ್ ಏರಿಯಾದಲ್ಲಿ, ಅಂದರೆ ಮನೆಯೊಳಗೆ ಬಳಸಲು ಸಿಗುವ ಜಾಗದಲ್ಲಿ, 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ, ಒಳಗಿನ ಅಡ್ಡಗೋಡೆಗಳು ಸೇರುತ್ತವೆ. ಹೊರಗೋಡೆ, ಬಾಲ್ಕನಿ ಮತ್ತು ತೆರೆದ ತಾರಸಿ ಸೇರುವುದಿಲ್ಲ. ಮೆಟ್ಟಿಲು, ಲಿಫ್ಟ್, ಓಣಿಗಳ ಪಾಲನ್ನೂ ಸೇರಿಸಿ ಹೇಳುವ ಸೂಪರ್ ಬಿಲ್ಟಪ್ ಅಂಕಿಯನ್ನು ಇವೆರಡರ ಜಾಗದಲ್ಲಿ ಎಂದಿಗೂ ಬರೆಯಬಾರದು.

ಸ್ವಂತ ಮನೆಯಾದರೆ ಹೊರಗಿನಿಂದ, ಮೂಲೆಯಿಂದ ಮೂಲೆಗೆ, ಪ್ರತಿ ಮಹಡಿಯನ್ನೂ ಬೇರೆಯಾಗಿ ಅಳೆಯಿರಿ. ತಳಪಾಯದ ಅಂಚು ಮುಂದೆ ಚಾಚಿದ್ದರೆ ಅದನ್ನು ಬಿಟ್ಟು, ಗೋಡೆಗೇ ತಾಗಿಸಿ ಟೇಪನ್ನು ಜೋಲು ಬೀಳದಂತೆ ಎಳೆದು ಹಿಡಿಯಬೇಕು. ಹಳೆಯ ಬಡಾವಣೆಗಳಲ್ಲಿ ಪಕ್ಕದ ಮನೆಯ ಗೋಡೆ ತಾಗಿಕೊಂಡಿದ್ದು ಹೊರಗೆ ಟೇಪು ಇಳಿಸಲು ಜಾಗವೇ ಇಲ್ಲದಿದ್ದರೆ, ಕೋಣೆಗಳ ಒಳ ಅಳತೆಗೆ ಗೋಡೆಗಳ ದಪ್ಪವನ್ನು ಕೂಡಿಸುವುದೇ ದಾರಿ. ಆಗ ಗೋಡೆ ಒಂಬತ್ತು ಇಂಚು ಎಂದು ಊಹಿಸಿಕೊಳ್ಳದೆ, ಎರಡೂ ಬದಿಯ ಗಾರೆಯಿಂದ ದಪ್ಪ ಹೆಚ್ಚಿರುವುದರಿಂದ, ಕಿಟಕಿಯ ಬಳಿ ನಿಜವಾದ ದಪ್ಪವನ್ನೇ ಅಳೆದುಕೊಳ್ಳಿ.

ಲೆಕ್ಕ ತಪ್ಪುವುದು ಬಹುಪಾಲು ಇಂಚಿನಲ್ಲಿ. 32 ಅಡಿ 9 ಇಂಚು ಎಂದರೆ 32.9 ಅಲ್ಲ, 32.75, ಇಂಚನ್ನು 12ರಿಂದ ಭಾಗಿಸಿಯೇ ದಶಮಾಂಶಕ್ಕೆ ತರಬೇಕು. ಅಗಲ 24 ಅಡಿ 6 ಇಂಚು ಇದ್ದರೆ 32.75 × 24.5, ಅಂದರೆ ಸುಮಾರು 802 ಚದರ ಅಡಿ. ಇಂಚನ್ನು ಹಾಗೆಯೇ ಚುಕ್ಕಿಯ ಮುಂದೆ ಬರೆದುಕೊಂಡರೆ ಇದೇ ಮನೆ 809 ಚದರ ಅಡಿಯಾಗಿಬಿಡುತ್ತದೆ.

ಮನೆ ಎಲ್ ಆಕಾರದಲ್ಲಿದ್ದರೆ ಆಯತಗಳಾಗಿ ಒಡೆದು ಕೂಡಿಸಿ. ಮೂಲೆ ಸರಿಯಾಗಿದೆಯೇ ಎಂಬ ಅನುಮಾನ ಬಂದಲ್ಲಿ ಎರಡೂ ಕರ್ಣಗಳನ್ನು ಅಳೆಯಿರಿ. ಎದುರುಬದುರಿನ ಗೋಡೆಗಳು ಸಮನಾಗಿದ್ದೂ ಕರ್ಣಗಳು ಬೇರೆಯಾದರೆ ಅದು ಆಯತವಲ್ಲ, ಎರಡು ತ್ರಿಕೋನಗಳಾಗಿ ಲೆಕ್ಕ ಹಾಕಬೇಕು. ಹಜಾರದ ಮೇಲೆ ಮಹಡಿಯಿಲ್ಲದೆ ಖಾಲಿ ಬಿಟ್ಟ ಜಾಗವನ್ನು ಮೇಲಂತಸ್ತಿನ ಲೆಕ್ಕದಿಂದ ಕಳೆಯಿರಿ. ಕಿಟಕಿಯ ಸಜ್ಜಾ ಲೆಕ್ಕಕ್ಕಿಲ್ಲ.

ಕೊನೆಗೆ ಅಳತೆ ಬರೆದುಕೊಂಡ ಹಾಳೆಯನ್ನು ಮಂಜೂರಾದ ನಕ್ಷೆಯ ಪಕ್ಕದಲ್ಲಿಟ್ಟು ನೋಡಿ. ನಕ್ಷೆ ಚದರ ಮೀಟರಿನಲ್ಲಿದ್ದರೆ 10.764ರಿಂದ ಗುಣಿಸಿ. ನಕ್ಷೆಯಲ್ಲಿಲ್ಲದೆ ಆಮೇಲೆ ಕಟ್ಟಿಸಿದ ಕೋಣೆಯಿದ್ದರೆ ಅದನ್ನು ಬೇರೆಯಾಗಿಯೇ ಬರೆದಿಡಿ, ಏಕೆಂದರೆ ಅಂತಹ ಭಾಗವನ್ನು ಬ್ಯಾಂಕು ಮೌಲ್ಯದಿಂದ ಹೊರಗಿಡಬಹುದು.