ರಾತ್ರಿಯ ಹನಿ ಬಿಟ್ಟ ಮೇಲೆ

ನೀರ್ಚಾಲಿನಲ್ಲಿ ಮಾಷ್ಟ್ರಾಗಿ ನಿವೃತ್ತನಾದ ಮೇಲೆ ಅಡಿಕೆ ತೋಟವೇ ನನ್ನ ಕೆಲಸ. ಕನ್ನಡಕ ಬದಲಿಸಲು ಮಂಗಳೂರಿಗೆ ಹೋದಾಗ ಗ್ಲಾಕೋಮಾ, ಅಂದರೆ ಕಣ್ಣಿನ ನರ ಮೆಲ್ಲಗೆ ಹಾಳಾಗುವ ಕಾಯಿಲೆ, ಇದೆ ಅಂತ ಗೊತ್ತಾಯಿತು. ಕಣ್ಣಿನ ಒತ್ತಡ 26, ಜಾಸ್ತಿಯೇ. ನೋವಿಲ್ಲ, ಕೆಂಪಿಲ್ಲ. ಟಿಮೊಲಾಲ್ ಹನಿ ಬರೆದುಕೊಟ್ಟರು, ಬೆಳಗ್ಗೆ ಒಂದು, ರಾತ್ರಿ ಒಂದು.

ರಾತ್ರಿ ಊಟವಾದ ಮೇಲೆ ಬಿ.ಪಿ. ಮಾತ್ರೆ, ಅದರ ಬೆನ್ನಿಗೇ ಹನಿ. ಒಟ್ಟಿಗೆ ಮುಗಿಸಿದರೆ ಮರೆಯುವುದಿಲ್ಲ ಅಂತ ನಾನೇ ಮಾಡಿಕೊಂಡ ಕ್ರಮ ಇದು. ಮೂರು ತಿಂಗಳಲ್ಲಿ ಒತ್ತಡ 18ಕ್ಕೆ ಇಳಿಯಿತು. ಆದರೆ ಬೆಳಗ್ಗೆ ಎದ್ದರೆ ತಲೆ ತಿರುಗುತ್ತಿತ್ತು. ಒಂದು ದಿನ ತೋಟಕ್ಕೆ ಇಳಿಯುವ ಮೆಟ್ಟಿಲಲ್ಲೇ ಕೂತುಬಿಟ್ಟೆ. ಮಗಳು ನಾಡಿ ಹಿಡಿದು ನೋಡಿದಳು. ನಿಮಿಷಕ್ಕೆ 50.

"ಮಾಷ್ಟ್ರೇ, ಬಿ.ಪಿ. ಮಾತ್ರೆ ಯಾವಾಗ ತಗೊಳ್ತೀರಿ?" ಕಣ್ಣಿನ ಡಾಕ್ಟ್ರು ಕೇಳಿದರು. ಹೇಳಿದೆ. ಒಂದು ಹಗಲು, ಒಂದು ರಾತ್ರಿ ತೋಳಿಗೆ ಬಿ.ಪಿ. ಯಂತ್ರ ಕಟ್ಟಿ ಕಳಿಸಿದರು. ಹಗಲು ಕೆಳಗಿನ ಬಿ.ಪಿ. 80, ನಡುರಾತ್ರಿ 52. ಡಾಕ್ಟ್ರು ಚೀಟಿಯಲ್ಲಿ ಕಳೆಯುವ ಲೆಕ್ಕ ಬರೆದರು. 80ರಿಂದ ಕಣ್ಣಿನ ಒತ್ತಡ 18 ಕಳೆದರೆ 62. 52ರಿಂದ ಕಳೆದರೆ 34. ರಕ್ತವನ್ನು ಕಣ್ಣಿನೊಳಗೆ ನೂಕುವ ಬಲ ಇಷ್ಟೇ. ಪಂಪಿನ ಬಲ ಕುಗ್ಗಿದರೆ ಮೇಲಿನ ತೋಟಕ್ಕೆ ನೀರು ಹತ್ತುವುದಿಲ್ಲ ಅಲ್ವಾ? ಕಣ್ಣಿನ ನರಕ್ಕೂ ಹಾಗೆಯೇ. ಒತ್ತಡ ಇಳಿದರೂ ರಕ್ತ ಸಾಲದಿದ್ದರೆ ನರ ಸೊರಗಬಹುದು.

ನಿದ್ದೆಯಲ್ಲಿ ಕಣ್ಣೊಳಗಿನ ನೀರು ಊರುವುದೇ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಟಿಮೊಲಾಲಿನ ಕೆಲಸ ಆ ನೀರು ಊರುವುದನ್ನು ಕಡಿಮೆ ಮಾಡಿ ಕಣ್ಣಿನ ಒತ್ತಡ ಇಳಿಸುವುದು. ಹಾಗಾಗಿ ರಾತ್ರಿ ಅದರಿಂದ ಲಾಭ ಕಡಿಮೆ, ನಾಡಿ ಮತ್ತು ಬಿ.ಪಿ. ಮಾತ್ರ ಇಳಿಯುತ್ತದೆ. ಅದನ್ನು ಬೆಳಗ್ಗೆ ಮಾತ್ರ ಇಟ್ಟರು. ರಾತ್ರಿಗೆ ಲ್ಯಾಟನೊಪ್ರೋಸ್ಟ್ ಬಂತು, ಅದು ನೀರು ಹೊರಹೋಗುವ ದಾರಿ ಸಲೀಸು ಮಾಡುತ್ತದೆ. ಬಿ.ಪಿ. ಮಾತ್ರೆಯನ್ನು ಕಾಸರಗೋಡಿನ ಡಾಕ್ಟ್ರು ಬೆಳಗ್ಗೆಗೆ ಬದಲಿಸಿದರು. ತಲೆ ತಿರುಗುವುದು ನಿಂತಿತು. ದಯವಿಟ್ಟು ಇದನ್ನು ಓದಿ ನೀವೇ ಹೊತ್ತು ಬದಲಿಸಬೇಡಿ, ಹನಿ ನಿಲ್ಲಿಸಲೂ ಬೇಡಿ. ಕೇಳಿ ಮಾಡಿ.

ಆಮೇಲೆ ಡಾರ್ಜೊಲಮೈಡ್ ಎಂಬ ಇನ್ನೊಂದು ಹನಿ ಸೇರಿತು. ಅದು ಕಣ್ಣಿನ ರಕ್ತನಾಳ ಹಿಗ್ಗಿಸಿ ಹರಿವು ಹೆಚ್ಚಿಸುವುದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಅಷ್ಟರಿಂದಲೇ ದೃಷ್ಟಿ ಜಾಸ್ತಿ ಉಳಿಯುತ್ತದೆ ಅಂತ ಸಾಬೀತಾಗಿಲ್ಲ, ಎಂದೂ ಡಾಕ್ಟ್ರು ಹೇಳಿದರು. ಹಾಕಿದ ಸ್ವಲ್ಪ ಹೊತ್ತಿಗೆ ಗಂಟಲು ಕಹಿಯಾಯಿತು. ಆಗಲೇ ನನಗೆ ಹೊಳೆದದ್ದು: ಮದ್ದು ಮೂಗಿಗೆ ಇಳಿಯುತ್ತಿದೆ, ಅಲ್ಲಿಂದ ರಕ್ತಕ್ಕೆ. ಟಿಮೊಲಾಲೂ ಇದೇ ದಾರಿಯಲ್ಲಿ ಹೋಗಿ ನಾಡಿ ಇಳಿಸಿತ್ತು. ಈಗ ಒಂದೇ ಹನಿ ಹಾಕಿ, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯುತ್ತೇನೆ. ಇನ್ನೊಂದು ಹನಿಗೆ ಹತ್ತು ನಿಮಿಷ ಬಿಡುತ್ತೇನೆ. ಕಹಿ ತುಂಬಾ ಕಡಿಮೆಯಾಗಿದೆ.

ಒಡಹುಟ್ಟಿದವರಿಗೂ ಈ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ. ಕಳೆದ ತಿಂಗಳು ತಮ್ಮನನ್ನೂ ಕರೆದುಕೊಂಡು ಹೋದೆ. ಅವನಿಗೂ ಇದೆ. ಡಾಕ್ಟ್ರು ಪೆನ್ನು ತೆಗೆಯುವ ಮೊದಲೇ ನಾನು ಹೇಳಿದೆ, "ಇವನಿಗೆ ದಮ್ಮು ಉಂಟು." ದಮ್ಮು ಇದ್ದವರಿಗೆ ಟಿಮೊಲಾಲ್ ಆಗದು, ಅದನ್ನು ಬಿಟ್ಟು ಬೇರೆ ಹನಿ ಬರೆದರು.